ಹನಿಯೊಳಗೆ ಹರಳು ಕಾಯ್ದವರು

ಕೂದಲೆಳೆಯಷ್ಟು ಸಪೂರ ಕಾಲುವೆಗಳಲ್ಲಿ ದ್ರವ ಹರಿಸಿ, ಔಷಧದ ಹರಳು ಯಾವ ರೂಪದಲ್ಲಿ ಕಟ್ಟಬೇಕೆಂಬುದನ್ನು ಹರಿವಿನ ವೇಗದಿಂದಲೇ ನಿರ್ಧರಿಸುವ ವಿದ್ಯೆಗೆ ನಮ್ಮ ಪ್ರಯೋಗಾಲಯದಲ್ಲಿ ಅಡಿಪಾಯ ಹಾಕಿದವರು, ಈಗ ನಿವೃತ್ತರಾಗುತ್ತಿರುವ ಹಿರಿಯ ಪ್ರಾಧ್ಯಾಪಕಿಯವರು. ಅವಸರವೆಂದರೆ ಆಗದ ಅವರನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ ‘ನಿಧಾನದ ಮೇಡಂ’ ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗ ಮುನಿಯದೆ, ಬಿರುದು ಸಿಕ್ಕಿತೆಂಬಂತೆ ನಕ್ಕವರು ಅವರು.

ಅವರ ಮೊದಲ ಶಿಷ್ಯೆ, ಇಂದು ಔಷಧ ಕಾರ್ಖಾನೆಯೊಂದರ ಹರಳು ವಿಭಾಗದ ಮುಖ್ಯಸ್ಥೆ, ಪ್ರಯೋಗಾಲಯದ ಆ ಆರಂಭದ ದಿನಗಳಲ್ಲಿ ತುಂಬು ಬಸುರಿ. ಮಕ್ಕಳ ಮೂರ್ಛೆರೋಗದ ಔಷಧವೊಂದು ದೊಡ್ಡ ಪಾತ್ರೆಯಲ್ಲಿ ಹರಳಾಗುವಾಗ ಎರಡು ರೂಪ ತಾಳುತ್ತಿತ್ತು. ಬಿಲ್ಲೆಯಂಥದ್ದು ಹೊಟ್ಟೆಯಲ್ಲಿ ಸಲೀಸಾಗಿ ಕರಗುತ್ತಿತ್ತು, ಸೂಜಿಯಂಥದ್ದು ಕರಗದೆ ಉಳಿಯುತ್ತಿತ್ತು. ಬರೀ ಬಿಲ್ಲೆ ಸಿಗದಿದ್ದರೆ ಔಷಧವನ್ನೇ ಕೈಬಿಡುವುದಾಗಿ ಅದನ್ನು ತಯಾರಿಸುತ್ತಿದ್ದ ಕಾರ್ಖಾನೆ ಹೇಳಿತ್ತು. ಬರೀ ಬಿಲ್ಲೆ ಪಡೆಯಲು ಶಿಷ್ಯೆ ಹೂಡಿದ್ದ ಸಪೂರ ಕಾಲುವೆಗಳಲ್ಲೋ ಹರಳು ಗೋಡೆಗೆ ಅಂಟಿ ಹರಿವೇ ಕಟ್ಟಿಹೋಗುತ್ತಿತ್ತು.

“ನನ್ನ ಕೈಲಾಗಲ್ಲ ಮೇಡಂ, ಬಿಟ್ಟುಬಿಡ್ತೀನಿ,” ಎಂದು ಒಂದು ಮಧ್ಯಾಹ್ನ ಅವಳು ಕಣ್ಣು ತುಂಬಿಕೊಂಡಳು.

“ಬಿಡೋದಾದ್ರೆ ಬಿಡು, ಯಾರು ಬೇಡ ಅಂದ್ರು? ಮೊದಲು ಕಾಲು ಚಾಚಿ ಕೂತ್ಕೋ,” ಎಂದ ಮೇಡಂ, ಮನೆಯಿಂದ ತಮ್ಮ ಆರಾಮಕುರ್ಚಿಯನ್ನೇ ತರಿಸಿ ಸೂಕ್ಷ್ಮದರ್ಶಕದ ಪರದೆಯೆದುರು ಹಾಕಿಸಿದರು.

ಒರಗಿದ ಶಿಷ್ಯೆ ಹೊಟ್ಟೆ ಸವರಿಕೊಳ್ಳುತ್ತ, “ಈ ಕೂಸಿನ ಥರ ಆ ಹರಳೂ ಎಲ್ಲೂ ತಾಗದೆ ತೇಲ್ಕೊಂಡಿದ್ರೆ ಎಷ್ಟು ಚೆನ್ನಾಗಿರ್ತಿತ್ತು,” ಎಂದು ಗೊಣಗಿದಳು.

ಮೇಡಂ ಥಟ್ಟನೆ ತಿರುಗಿದರು. “ಏನಂದೆ? ಇನ್ನೊಂದ್ಸಲ ಹೇಳು.”

ಮರುದಿನವೇ ಔಷಧದ ದ್ರಾವಣ ಎಣ್ಣೆಯ ನಡುವೆ ಬಿಡಿಬಿಡಿ ಹನಿಗಳಾಗಿ, ಗೋಡೆ ಮುಟ್ಟದೆ ಹರಿಯತೊಡಗಿತು. ವೇಗ ಹೆಚ್ಚಿದಾಗ ಹನಿಯೊಳಗೆ ಸೂಜಿ ಕಾಣಿಸಿತು. ಮೇಡಂ ಹರಿವನ್ನು ತಗ್ಗಿಸಿದರು, ಇನ್ನೂ ತಗ್ಗಿಸಿದರು. ಪರದೆಯ ಮೇಲೆ ಹನಿಗಳು ಮೋಡದ ಮರಿಗಳಂತೆ ಒಂದರ ಹಿಂದೊಂದು ಸಾಗುವುದನ್ನು ನೋಡುತ್ತ ನೋಡುತ್ತ, ಶಿಷ್ಯೆಯ ರೆಪ್ಪೆಗಳು ತಾವಾಗಿ ಮುಚ್ಚಿಕೊಂಡವು. ಕಿಟಕಿಯ ಬಿಸಿಲು ಅವಳ ಪಾದದವರೆಗೆ ಬಂದು ನಿಂತಿತ್ತು.

ವಿಚಾರಿಸಲು ಬಂದ ಕಾರ್ಖಾನೆಯ ವ್ಯವಸ್ಥಾಪಕರನ್ನು ಮೇಡಂ ಬಾಗಿಲಲ್ಲೇ ತಡೆದು, ತುಟಿಯ ಮೇಲೆ ಬೆರಳಿಟ್ಟರು.

“ಬಿಲ್ಲೆ ಬಂತಾ ಮೇಡಂ?” ಎಂದು ಅವರೂ ಪಿಸುಗುಟ್ಟಿದರು.

“ಬಂದಿದೆ. ಆದ್ರೆ ಅವಳು ಮೊದಲು ನೋಡ್ಲಿ. ಆಮೇಲೆ ನಾವು.”

ಅವಳು ಕಣ್ಣು ಬಿಟ್ಟಾಗ ಹನಿಹನಿಯೊಳಗೂ ಒಂದೊಂದು ತಿಳಿಯಾದ ಬಿಲ್ಲೆ ಮೆಲ್ಲನೆ ತಿರುಗುತ್ತಿತ್ತು. ಕನಸೋ ನಿಜವೋ ತಿಳಿಯದೆ ಅವಳು ಪರದೆಯನ್ನು ಮುಟ್ಟಿ ನೋಡಿದಳು.

ಆ ಔಷಧ ಇಂದಿಗೂ ಮಕ್ಕಳ ಕೈಸೇರುತ್ತಿದೆ. ಹರಳಾಗಲು ಸತಾಯಿಸುತ್ತಿರುವ ಇನ್ನೊಂದು ಔಷಧದ ಕೆಲಸಕ್ಕೆ ಶಿಷ್ಯೆ ಈಗಾಗಲೇ ಮೇಡಂ ಅವರನ್ನು ಕರೆದಿದ್ದಾಳೆ. ಅವರೂ ಹ್ಞೂಂ ಎಂದಿದ್ದಾರೆ. ಅವರ ಆಯುಸ್ಸು ಬೆಳೆಯಲಿ, ಕಣ್ಣು ಚುರುಕಾಗಿರಲಿ, ಅವರ ಪಕ್ಕದಲ್ಲಿ ನಿಶ್ಚಿಂತೆಯಿಂದ ನಿದ್ದೆಹೋಗುವ ಭಾಗ್ಯ ಇನ್ನೂ ಅನೇಕ ಶಿಷ್ಯರಿಗೆ ಸಿಗಲಿ.