ಲೀಟರಿಗೆ ಹದಿನೇಳು

ಆರೂಕಾಲಿಗೆ ಸರಿಯಾಗಿ ಬೀದಿಯ ತುದಿಯಲ್ಲಿ ಶಾಲೆಯ ಬಸ್ಸು ಸ್ಟಾರ್ಟ್ ಆಗುತ್ತದೆ. ಹೊರಡುವುದು ಆರೂವರೆಗೆ. ನಡುವಿನ ಹದಿನೈದು ನಿಮಿಷ ಅದು ನಿಂತಲ್ಲೇ ಗುಡುಗುಡು ಅನ್ನುತ್ತಾ ಕಿಟಕಿಯ ಸರಳುಗಳನ್ನು, ಗೂಡಿನಲ್ಲಿಟ್ಟ ಲೋಟಗಳನ್ನು ಸಣ್ಣಗೆ ನಡುಗಿಸುತ್ತದೆ. ಬೀದಿಯ ಉಳಿದವರಿಗೆ ಅದು ಗಡಿಯಾರ. ಅವನಿಗೆ ಮಾತ್ರ ಯಾರೋ ನಲ್ಲಿ ತಿರುಗಿಸಿ ಹಾಗೇ ಬಿಟ್ಟು ಹೋದಂತೆ.

"ಸುಮ್ಮಸುಮ್ಮನೆ ಕುಡೀತಿದೆ ನೋಡು," ಅಂದ, ಹಾಸಿಗೆಯಲ್ಲಿ ಎದ್ದು ಕೂತು. "ಆಫ್ ಮಾಡಬಾರದಾ?"

"ಅವರ ಬಸ್ಸು, ಅವರ ಡೀಸೆಲ್ಲು. ನಿಮಗೇನು ಹೊಟ್ಟೆನೋವು?" ಹೆಂಡತಿ ಕಣ್ಣು ತೆರೆಯದೆ ಮಗ್ಗುಲು ಬದಲಿಸಿದಳು.

ಆರು ತಿಂಗಳಿಂದ ಅವನಿಗೆ ಎಲ್ಲ ಎಂಜಿನ್ನುಗಳೂ ಹೀಗೇ ಕೇಳಿಸುತ್ತವೆ.

ಊರಿನಲ್ಲಿ ಅವನಿಗೆ ನಿಧಾನಪ್ಪ ಎಂದೇ ಹೆಸರು. ಹತ್ತೊಂಬತ್ತು ವರ್ಷದಿಂದ ಗಾಜಿನ ಅಂಗಡಿಯ ಗಾಡಿ ಓಡಿಸುವವನು. ಮೊದಲ ವರ್ಷ ತಳ್ಳುಗಾಡಿ. ಆಗ ಒಮ್ಮೆ ಇಳಿಜಾರಿನಲ್ಲಿ ಅವಸರಪಟ್ಟು ಒಂದು ಬೀರುವಿನ ಕನ್ನಡಿಯನ್ನು ಚೂರು ಮಾಡಿದ್ದ. ಅದರ ಗುರುತು ಎಡ ಮೊಣಕೈಯಿಂದ ಮಣಿಕಟ್ಟಿನವರೆಗೆ ಉಳಿದಿದೆ. ಆಮೇಲೆ ಹಳೆಯ ಪಿಕಪ್ಪು ಬಂತು, ಈಗ ಹೊಸ ಪಿಕಪ್ಪು. ಆ ಕನ್ನಡಿಯ ನಂತರ ಒಂದು ಗಾಜೂ ಅವನ ಕೈಯಲ್ಲಿ ಒಡೆದಿಲ್ಲ. ರಸ್ತೆಯ ಹಂಪು ದೂರದಲ್ಲಿ ಕಂಡಾಗಲೇ ಕಾಲು ತಾನಾಗಿ ಕ್ಲಚ್ಚಿನ ಮೇಲೆ ಹೋಗುತ್ತದೆ. ಹಿಂದಿನವರು ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋಗುತ್ತಾರೆ. ಅವನು ಹಿಂದಕ್ಕೆ ಕಿವಿ ಇಟ್ಟುಕೊಂಡೇ ಇರುತ್ತಾನೆ. ಗಾಡಿಯ ಬೆನ್ನ ಮೇಲೆ ಮರದ ಚೌಕಟ್ಟಿಗೆ ಒರಗಿ ನಿಂತ ಗಾಜು ಮಾತಾಡಬಾರದು. ಅಷ್ಟೇ ಅವನ ಕೆಲಸ.

ಅಂಗಡಿಯನ್ನು ಈಗ ಯಜಮಾನರ ಅಳಿಯ ನೋಡಿಕೊಳ್ಳುತ್ತಾನೆ. ಆರು ತಿಂಗಳ ಹಿಂದೆ ಹೊಸ ಪಿಕಪ್ಪು ತರಿಸಿದ್ದೂ ಅವನೇ. ಗಾಡಿಯ ಜೊತೆ ಬಂದ ಹೊಳಪಿನ ಕಾಗದವನ್ನು ಗೋಡೆಗೆ ಅಂಟಿಸಿದ್ದಾನೆ. ಅದರಲ್ಲಿ ಬೆಟ್ಟದ ದಾರಿ, ಹೊಳೆಯುವ ಗಾಡಿ, ಬೆನ್ನ ಮೇಲೆ ಏನೂ ಇಲ್ಲ. ಕೆಳಗೆ ಅಂಗೈಯಗಲದ ಅಕ್ಷರ: ಲೀಟರಿಗೆ ಹದಿನೇಳು ಕಿಲೋಮೀಟರ್. ಪಕ್ಕದಲ್ಲೊಂದು ನಕ್ಷತ್ರ. ಆ ನಕ್ಷತ್ರದ ಬಾಲ ಹಿಡಿದು ಕಾಗದದ ತಳಕ್ಕೆ ಹೋದರೆ ಇರುವೆಯಷ್ಟು ಸಣ್ಣ ಸಾಲು. ಗಾಜು ಕತ್ತರಿಸುವವನು ಒಂದು ದಿನ ಭೂತಗನ್ನಡಿ ಹಿಡಿದು ಓದಿದ್ದ.

"ಪರೀಕ್ಷೆಯಲ್ಲಿ ಬಂದ ಅಂಕಿ ಅಂತೆ ಅಣ್ಣಾ. ಪರೀಕ್ಷೆಯಲ್ಲಿ ನನಗೂ ಫಸ್ಟ್ ಕ್ಲಾಸ್ ಬಂದಿತ್ತು. ನೋಡು, ಗಾಜು ಕುಯ್ತಾ ಕೂತಿದ್ದೀನಿ."

ಗಾಡಿ ಕೊಡುತ್ತಿದ್ದದ್ದು ಹತ್ತು. ಒಮ್ಮೊಮ್ಮೆ ಹತ್ತೂವರೆ. ಹದಿನೇಳರಿಂದ ಹತ್ತು ಕಳೆದರೆ ಉಳಿಯುವ ಏಳು ಎಲ್ಲಿಗೆ ಹೋಯಿತು ಎಂದು ಅಳಿಯ ಯಾರನ್ನೂ ಬಾಯಿಬಿಟ್ಟು ಕೇಳಲಿಲ್ಲ. ಹೋದ ತಿಂಗಳು ಸುಮ್ಮನೆ ಬಂದು ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಒಂದು ಬೀಗ ಹಾಕಿದ. ಕೀಲಿಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡ.

ಕಳ್ಳ ಅಂದಿದ್ದರೆ ಜಗಳ ಆಡಬಹುದಿತ್ತು. ಬೀಗದ ಜೊತೆ ಏನು ಜಗಳ? ಅಂದಿನಿಂದ ನಿಧಾನಪ್ಪನಿಗೆ ನಿಂತಲ್ಲಿ ನಿಲ್ಲಲು ಆಗುತ್ತಿಲ್ಲ. ಮನೆಯಲ್ಲಿ ಊಟಕ್ಕೆ ಕೂತರೆ ಬಲಗಾಲು ನೆಲ ಒತ್ತುತ್ತದೆ, ಬಿಡುತ್ತದೆ. ಬಾಗಿಲಿನಿಂದ ನಲ್ಲಿಯವರೆಗೆ ಹನ್ನೊಂದು ಹೆಜ್ಜೆ, ಹೋಗುತ್ತಾನೆ, ಬರುತ್ತಾನೆ.

"ಒಂದು ಕಡೆ ಕೂತ್ಕೊಳ್ರೀ, ನನಗೆ ತಲೆ ಸುತ್ತತ್ತೆ," ಅಂದಳು ಹೆಂಡತಿ ಇವತ್ತು ಬೆಳಿಗ್ಗೆಯೂ. "ನಿಮ್ಮ ಮೈಲೇಜು ಎಷ್ಟು ಅಂತ ನನ್ನ ಕೇಳಿ. ಒಂದು ಲೋಟ ಕಾಫಿಗೆ ನಾಲ್ಕು ಮೈಲಿ."

ಅವನು ನಗಲಿಲ್ಲ. ಇವತ್ತೇ ಆ ದಿನ. ಅಳಿಯ ದಿನಪೂರ್ತಿ ಗಾಡಿಯಲ್ಲಿ ಕೂರುತ್ತೇನೆ ಎಂದಿದ್ದ. ಬೆಳಿಗ್ಗೆ ಟ್ಯಾಂಕ್ ಕುತ್ತಿಗೆಯವರೆಗೆ ತುಂಬಿಸುವುದು, ಸಂಜೆ ಅದೇ ಬಂಕಿನಲ್ಲಿ, ಅದೇ ಪಂಪಿನ ಮುಂದೆ ಮತ್ತೆ ತುಂಬಿಸಿ ಎಷ್ಟು ಹಿಡಿಯಿತು ನೋಡುವುದು. ಹದಿನಾಲ್ಕಾದರೂ ಬರದಿದ್ದರೆ ನಾಳೆಯಿಂದ ಬೇರೆ ಡ್ರೈವರು.

"ಹದಿನಾಲ್ಕು ಬರತ್ತಾ?" ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ಬರಿಸಬೇಕು," ಅಂದವನು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಅಂಗಡಿಗೆ ಎಲ್ಲರಿಗಿಂತ ಮೊದಲು ತಲುಪಿ ಅವನು ಮಾಡಿದ ಕೆಲಸವನ್ನು ಬೇರೆ ಯಾವ ದಿನವಾಗಿದ್ದರೂ ಮಾಡುತ್ತಿರಲಿಲ್ಲ. ಗಾಡಿಯ ಬೆನ್ನಿನಲ್ಲಿ, ಹಿಂದಿನ ಚಕ್ರಗಳ ನೆತ್ತಿಗೆ ಸರಿಯಾಗಿ, ಎರಡು ಮರಳಿನ ಮೂಟೆಗಳಿದ್ದವು. ಅವನೇ ಹೊಲಿದು ಇಟ್ಟಿದ್ದು. ಅವನ್ನು ಒಂದೊಂದಾಗಿ ಹೆಗಲಿಗೇರಿಸಿ ಅಂಗಡಿಯ ಹಿಂದಿನ ಗೋಡೆಯ ಮಗ್ಗುಲಿಗೆ ಇಳಿಸಿದ. ಅಷ್ಟು ಭಾರ ಇಳಿದರೆ ಮೈಲೇಜಿಗೆ ಅಷ್ಟು ಲಾಭ. ಕೈ ಕೊಡವಿಕೊಂಡ. ಏನೋ ಕದ್ದವನ ಹಾಗೆ ಆ ಕಡೆ ಈ ಕಡೆ ನೋಡಿದ.

ಬಂಕಿನಲ್ಲಿ ಡೀಸೆಲ್ ಹಾಕುವ ಹೆಂಗಸು ಪೈಪು ಹಿಡಿದು ಕೇಳಿದಳು, "ಏನಣ್ಣ, ಇವತ್ತು ಇನ್ಸ್‌ಪೆಕ್ಷನ್ನಾ?"

"ಮದುವೆ ಮೆರವಣಿಗೆ," ಅಂದ ನಿಧಾನಪ್ಪ.

ಅಳಿಯ ನಗದೆ ಬೀಗ ತೆಗೆದ. ಡೀಸೆಲ್ ಕುತ್ತಿಗೆಗೆ ಬಂದು ಮಿಣುಕಿತು. ಮತ್ತೆ ಬೀಗ ಹಾಕಿ, ಓಡೋಮೀಟರಿನ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡು ಹೇಳಿದ, "ನಡೀರಿ ಡ್ರೈವರೇ."

ಅಂಗಡಿಯಲ್ಲಿ ಎಲ್ಲರೂ ಅಣ್ಣ ಎನ್ನುವಾಗ ಅಳಿಯ ಮಾತ್ರ ಡ್ರೈವರೇ ಎನ್ನುತ್ತಿದ್ದ.

ಹೊರೆಯಲ್ಲಿ ಇದ್ದದ್ದು ಕಟ್ಟುತ್ತಿರುವ ಮನೆಯೊಂದಕ್ಕೆ ಇಪ್ಪತ್ತೆರಡು ಕಿಟಕಿ ಗಾಜು, ಮತ್ತು ಆಚೆ ಊರಿನ ಕ್ಷೌರದಂಗಡಿಗೆ ಆಳೆತ್ತರದ ಒಂದು ಕನ್ನಡಿ. ನಿಧಾನಪ್ಪ ಇವತ್ತು ನಿಧಾನವಾಗಿರಲಿಲ್ಲ. ನಾಲ್ಕನೇ ಗೇರಿನಿಂದ ಇಳಿಯಬಾರದು, ಬ್ರೇಕು ತುಳಿಯಬಾರದು, ಹೋದ ವೇಗ ಹೋದ ಹಾಗೇ ಉಳಿಯಬೇಕು. ವಾರವಿಡೀ ಮನಸ್ಸಿನಲ್ಲಿ ಓಡಿಸಿದ್ದನ್ನು ಈಗ ಕಾಲಿನಲ್ಲಿ ಓಡಿಸುತ್ತಿದ್ದ. ಮೊದಲ ಹಂಪು ದಾಟಿತು. ಎರಡನೆಯದರ ಮೇಲೆ ಬೆನ್ನ ಹಿಂದೆ ಟಿಕ್ ಎಂದಿತು.

ಅಷ್ಟೇ, ಒಂದು ಟಿಕ್. ಉಗುರಿನಿಂದ ಲೋಟ ತಟ್ಟಿದಷ್ಟು.

"ಏನದು?" ಅಂದ ಅಳಿಯ.

"ಏನಿಲ್ಲ ಸಾರ್."

ಕೈಯ ಹಳೆಯ ಗುರುತು ಚುರುಗುಟ್ಟಿತೋ, ಚುರುಗುಟ್ಟಿತೆಂದು ಅನ್ನಿಸಿತೋ.

ಕಟ್ಟಡದ ಮುಂದೆ ಮೇಸ್ತ್ರಿ ಆಳುಗಳನ್ನು ಕರೆದು ಗಾಜು ಇಳಿಸಿಕೊಂಡ. ಇಪ್ಪತ್ತೆರಡರಲ್ಲಿ ಒಂದರ ಮೂಲೆ ಕಿರುಬೆರಳಿನ ಉಗುರಿನಷ್ಟು ಹಾರಿತ್ತು. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ನೋಡಿ, ನಿಧಾನಪ್ಪನ ಮುಖ ನೋಡಿದ.

"ಇರಲಿ ಬಿಡಣ್ಣ. ಚೌಕಟ್ಟಿನೊಳಗೆ ಮುಚ್ಚಿಹೋಗತ್ತೆ. ಆದ್ರೆ ನಿನ್ನ ಗಾಡಿಯಲ್ಲಿ ಬಂದಿದ್ದಾ ಇದು?"

ನಿಧಾನಪ್ಪ ಗಾಡಿಯ ಹಿಂದಕ್ಕೆ ಹೋಗಿ ನಿಂತ. ಈಗ ಅಲ್ಲಿ ಉಳಿದದ್ದು ಕನ್ನಡಿ ಒಂದೇ. ಹೊರೆ ಇಳಿದು ಹಿಂಭಾಗ ಮೇಲೆದ್ದಿತ್ತು. ಒಂದು ಕೈಯಿಂದ ಒತ್ತಿದ, ಸ್ಪ್ರಿಂಗು ಬಗ್ಗಲಿಲ್ಲ. ಮುಂದೆ ಒಂಬತ್ತು ಹಂಪು, ಕಿತ್ತುಹೋದ ಸೇತುವೆ ದಾರಿ. ಕನ್ನಡಿಯಲ್ಲಿ ಅವನ ಮುಖವೇ ಕಾಣುತ್ತಿತ್ತು. ಅದರ ಹಿಂದೆ ಪುಸ್ತಕ ಹಿಡಿದ ಅಳಿಯ, ಅವನ ಹಿಂದೆ ಮರಳಿನ ರಾಶಿ.

ನಿಧಾನಪ್ಪ ಒಂದು ಸುತ್ತು ಗಾಡಿಯನ್ನು ಸುತ್ತಿದ. ಇನ್ನೊಂದು ಸುತ್ತು. ಆಮೇಲೆ ಕೂಗಿದ, "ಮೇಸ್ತ್ರಿ, ಎರಡು ಖಾಲಿ ಸಿಮೆಂಟ್ ಚೀಲ ಕೊಡು. ಒಂದಿಷ್ಟು ಮರಳು ಬೇಕು. ನಾಳೆ ವಾಪಸ್ ತಂದುಕೊಡ್ತೀನಿ."

ಸಲಿಕೆ ಅವನೇ ಹಿಡಿದ. ಅಳಿಯ ಹತ್ತಿರ ಬಂದ.

"ಏನ್ ಮಾಡ್ತಿದ್ದೀರಿ?"

"ಮರಳು ತುಂಬ್ತಿದ್ದೀನಿ ಸಾರ್."

"ಅದು ಕಾಣಿಸ್ತಿದೆ. ಹೊರೆ ಇಳೀತು, ಇನ್ನು ಮೈಲೇಜು ಬರತ್ತೆ ಅಂತ ನಾನು ಕಾಯ್ತಿದ್ರೆ, ನೀವು ಖಾಲಿ ಗಾಡಿಗೆ ಮಣ್ಣು ಹೊರಿಸ್ತಿದ್ದೀರಲ್ರೀ!"

"ಖಾಲಿ ಗಾಡಿ ಕುಣಿಯತ್ತೆ ಸಾರ್. ಅದು ಕುಣಿದ್ರೆ ಕನ್ನಡಿ ಉಳಿಯಲ್ಲ."

"ದಿನಾ ಹೀಗೇನಾ?"

"ದಿನಾ. ಇವತ್ತು ಬೆಳಿಗ್ಗೆ ಮಾತ್ರ ಇಳಿಸಿದ್ದೆ."

"ಯಾಕೆ?"

ನಿಧಾನಪ್ಪ ಚೀಲದ ಬಾಯಿ ಬಿಗಿದು ಗಂಟು ಹಾಕಿದ. "ಗೋಡೆ ಮೇಲಿರೋ ಹದಿನೇಳಕ್ಕೆ."

ಆಮೇಲೆ ಅವನು ತನ್ನ ದಾರಿಯಲ್ಲಿ ತಾನು ಓಡಿಸಿದ. ಒಂಬತ್ತು ಹಂಪಿಗೂ ಮೊದಲ ಗೇರು. ಸೇತುವೆಯ ಮೇಲೆ ನಡೆದು ಹೋಗುತ್ತಿದ್ದ ಅಜ್ಜಿಯೊಬ್ಬಳು ಗಾಡಿಯನ್ನು ಹಿಂದೆ ಹಾಕಿ ಹೋದಳು. ಬಯಲಿಗೆ ಬಂದಾಗ ಗಾಳಿ ಎದ್ದು, ಚೌಕಟ್ಟಿಗೆ ನಿಂತ ಕನ್ನಡಿ ಅದನ್ನೆಲ್ಲ ಎದೆಗೆ ತೆಗೆದುಕೊಂಡಿತು. ಗಾಡಿ ಪಕ್ಕಕ್ಕೆ ವಾಲಿತು. ಅಳಿಯ ಬಾಗಿಲಿನ ಹಿಡಿ ಗಟ್ಟಿಯಾಗಿ ಹಿಡಿದ. ಎಂಜಿನ್ನು ಏದುಸಿರು ಬಿಡುತ್ತಾ ಎಳೆಯಿತು. ಅದು ಕುಡಿಯುವ ಒಂದೊಂದು ಗುಟುಕೂ ನಿಧಾನಪ್ಪನ ಗಂಟಲಲ್ಲಿ ಇಳಿಯಿತು. ಹಿಂದಿನಿಂದ ಮಾತ್ರ ಚಕಾರ ಇರಲಿಲ್ಲ. ಕನ್ನಡಿ ಒಂದು ಗೀರೂ ಇಲ್ಲದೆ ಕ್ಷೌರದಂಗಡಿಗೆ ಇಳಿಯಿತು.

ಸಂಜೆ ಐದಕ್ಕೆ ಅದೇ ಬಂಕು, ಅದೇ ಪಂಪು, ಅದೇ ಹೆಂಗಸು. ನಿಧಾನಪ್ಪ ಇಳಿದು ಚಕ್ರಕ್ಕೆ ಗಾಳಿ ತುಂಬುವ ಯಂತ್ರದವರೆಗೆ ಹೋಗಿ ಬಂದ, ಮತ್ತೆ ಹೋಗಿ ಬಂದ. ಏಳು ಲೀಟರು ಹಿಡಿಯಿತು. ಓಡಿದ್ದು ಎಪ್ಪತ್ತೆರಡು ಕಿಲೋಮೀಟರು.

"ಹತ್ತು ಚಿಲ್ಲರೆ," ಅಂದ ಅಳಿಯ.

ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿದ. ಆರು ತಿಂಗಳ ಹತ್ತು, ಹತ್ತೂವರೆ, ಹತ್ತು. ಇವತ್ತು ಬೀಗದ ಕೀಲಿ ಬೆಳಿಗ್ಗೆಯಿಂದ ಅವನ ಸೊಂಟ ಬಿಟ್ಟು ಕದಲಿರಲಿಲ್ಲ. ದಾರಿಯಲ್ಲಿ ಅಳಿಯ ಗಾಡಿ ಬಿಟ್ಟು ಇಳಿದದ್ದು ಮರಳಿನ ರಾಶಿಯ ಹತ್ತಿರ, ಕ್ಷೌರದಂಗಡಿಯ ಹತ್ತಿರ, ಎರಡೇ ಸಲ. ಆಗಲೂ ಕಣ್ಣು ಟ್ಯಾಂಕಿನ ಮೇಲೇ ಇತ್ತು. ಹಾಳೆಯನ್ನು ಹಿಂದಕ್ಕೂ ಮುಂದಕ್ಕೂ ತಿರುವಿ ಪುಸ್ತಕ ಮುಚ್ಚಿದ.

ಅಂಗಡಿಯ ಮುಂದೆ ಇಳಿದ ಮೇಲೆ ಕೇಳಿದ, "ಹಾಗಾದ್ರೆ ಆ ಕಾಗದ ಸುಳ್ಳಾ?"

"ಸುಳ್ಳು ಅಂತ ನಾನ್ಯಾಕೆ ಹೇಳಲಿ ಸಾರ್? ಅವರಿಗೆ ಬಂದಿರತ್ತೆ. ಅವರ ಬೆನ್ನ ಮೇಲೆ ಕನ್ನಡಿ ಇರಲಿಲ್ಲ."

ಅಳಿಯ ಬಗ್ಗಿ ಟ್ಯಾಂಕಿನ ಬೀಗ ತೆಗೆದ. ತೆಗೆದವನಿಗೆ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ; ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಆ ಇನ್ನೊಬ್ಬ ಡ್ರೈವರಿಗೆ ಬರಬೇಡ ಅಂತ ಫೋನ್ ಮಾಡ್ತೀನಿ. ನಾನು ಏನೋ ಅಂದ್ಕೊಂಡು… ನೋಡಿ ಅಣ್ಣಾ…"

ಅಣ್ಣಾ ಎಂದದ್ದು ನಿಧಾನಪ್ಪನಿಗೆ ಕೇಳಿಸಿತು. ಅದಕ್ಕೆ ಕಾದಿದ್ದೆ ಅಂದುಕೊಂಡಿದ್ದ; ಬಂದ ಮೇಲೆ ಕಾಲು ಇನ್ನೂ ನೆಲ ಒತ್ತುತ್ತಲೇ ಇತ್ತು. ಅಂಗಡಿಯ ಎದುರಿಗೆ ಗಿರಾಕಿಯದ್ದೊಂದು ಟೆಂಪೋ, ಒಳಗೆ ಯಾರೂ ಇಲ್ಲದೆ, ಗುಡುಗುಡು ಅನ್ನುತ್ತಾ ನಿಂತಿತ್ತು.

"ಬೀಗ ಇರಲಿ ಸಾರ್, ಮತ್ತೆ ಹಾಕಿ," ಅಂದ, ಆ ಕಡೆಯೇ ನೋಡುತ್ತಾ. "ಕೀಲಿನೂ ನಿಮ್ಮ ಹತ್ರಾನೇ ಇರಲಿ. ನಾನು ಕೇಳಿದ್ದು ಅದಲ್ಲ. ನಾಳೆ ಇನ್ನೊಂದು ಕಾಗದ ಬರತ್ತೆ, ಆಗ ನೀವು ನನ್ನ ಮುಖ ನೋಡಿ ಒಂದು ಸಲ ಕೇಳಿ, ಅಷ್ಟೇ."

ಟೆಂಪೋ ಇನ್ನೂ ಕುಡಿಯುತ್ತಲೇ ಇತ್ತು. "ಯಾರದ್ರೀ ಈ ಗಾಡಿ?" ಎನ್ನುತ್ತಾ ಅವನು ರಸ್ತೆ ದಾಟಿ, ಆ ಬಾಗಿಲಿಗೆ ಕೈ ಹಾಕಿ, ಕೀಲಿ ತಿರುಗಿಸಿ ಎಂಜಿನ್ನು ಆರಿಸಿದ.