ಟಾರ್ಚಿಗೆ ಎಚ್ಚರವಾದ ಗಿಡ

ನಾನು ಶಿಳ್ಳೆ ಹಾಕಿದರೆ ಕದ್ರಿ ಗುಡ್ಡೆಯ ಮೊಗ್ಗುಗಳೆಲ್ಲ ಒಟ್ಟಿಗೆ ಅರಳುತ್ತಿದ್ದ ಕಾಲ ಒಂದಿತ್ತು. ನೋಡಿದವರೆಲ್ಲ ತೀರಿಹೋಗಿದ್ದಾರೆ. ಹಾಗಾಗಿ ಬಿಕರ್ನಕಟ್ಟೆಯ ಟೀಚರ್ ತಮ್ಮ ಪೊಯಿನ್ಸೆಟಿಯಾ ಗಿಡವನ್ನು ನಂಬಿ ನನ್ನ ಕೈಗೆ ಕೊಟ್ಟರು.

"ತೀರಿಹೋದ ತಂಗಿ ನೆಟ್ಟದ್ದು. ಈ ಸಲವಾದರೂ ಕ್ರಿಸ್ಮಸ್‌ಗೆ ಕೆಂಪಾಗಬೇಕು, ಬಾಲಯೇಸುವಿನ ಗೋದಲಿಯ ಹತ್ತಿರ ಇಡ್ಲಿಕ್ಕುಂಟು" ಅಂದರು.

ಸಂಜೆಯಿಂದ ಬೆಳಗಿನವರೆಗೆ ಬಿಡದೆ ಕತ್ತಲೆ ಸಿಕ್ಕಿದರೆ ಮಾತ್ರ ಈ ಗಿಡದ ಮೇಲಿನ ಎಲೆಗಳು ಕೆಂಪಾಗುವುದು. ಅಕ್ಟೋಬರಿನಿಂದ ದಿನಾ ಐದಕ್ಕೆ ಹೋಗಿ, ಕಪ್ಪು ಬಟ್ಟೆ ಮುಚ್ಚಿ, ಪಕ್ಕದಲ್ಲೇ ಕೂರುತ್ತಿದ್ದೆ. ಒಳಗೆ ಎಲೆಗೆ ಬಣ್ಣ ಏರುವ ಸದ್ದು ಕೇಳುತ್ತಿತ್ತು, ದೂರದಲ್ಲಿ ಯಾರೋ ರೇಷ್ಮೆ ಸೀರೆ ಮಡಚಿದ ಹಾಗೆ. ಕೇಳಿ ಕೇಳಿ ನನಗೂ ತೂಕಡಿಕೆ ಬರುತ್ತಿತ್ತು. ಎಚ್ಚರವಾದ ಮೇಲೆ ಬಟ್ಟೆ ಎತ್ತಿ, ಎಷ್ಟು ಕೆಂಪಾಯಿತು ಅಂತ ಟಾರ್ಚ್ ಹಾಕಿ ನೋಡದೆ ಮನೆಗೆ ಹೋದವನಲ್ಲ.

ಡಿಸೆಂಬರ್ ಬಂದರೂ ಗಿಡ ಹಸಿರೇ. ಒಂದು ದಿನ ಟೀಚರಿಗೆ ಟಾರ್ಚ್ ಕಂಡಿತು.

"ಎಂತ ಮಾರಾಯ್ರೇ ಇದು! ಮಲಗಿದ ಮಗುವನ್ನು ದಿನಾ ಎಬ್ಬಿಸಿ, ನಿದ್ದೆ ಬಂತಾ ಅಂತ ಕೇಳುವುದಾ?"

ಟಾರ್ಚ್ ಅವರ ಕಪಾಟು ಸೇರಿತು. ಆಮೇಲೆ ಕ್ರಿಸ್ಮಸ್ ಬೆಳಿಗ್ಗೆ ಗಿಡ ಎಷ್ಟು ಕೆಂಪಾಯಿತೆಂದರೆ, ಗೋದಲಿಯ ಬಿಳಿ ಗೊಂಬೆ ಕುರಿಗಳೂ ಕೆಂಪಗೆ ಹೊಳೆದವು.

ಮೊನ್ನೆ ಅವರ ಜಗಲಿಯಲ್ಲೇ ಕೂತು ಅವರ ನೆಂಟರಿಗೆ ಇದನ್ನು ಹೇಳುತ್ತಿದ್ದೆ. ಚಾ ತಂದ ಟೀಚರ್ ಅಲ್ಲೇ ನಿಂತರು.

"ಕ್ರಿಸ್ಮಸ್‌ಗೆ ಕೆಂಪಾದದ್ದು ಎರಡೇ ಎಲೆ. ಅದು ಕಾಣುವ ಹಾಗೆ ಗಿಡದ ಚಟ್ಟಿ ತಿರುಗಿಸಿ ಇಟ್ಟದ್ದು ನಾನು. ಪೂರ್ತಿ ಕೆಂಪಾಗುವಾಗ ಫೆಬ್ರವರಿ ಆಗಿತ್ತು."

ನಾನು ಚಾ ಊದಿ ಒಂದು ಗುಟುಕು ಕುಡಿದೆ.

"ಕುರಿಗಳಿಗೆ ತಿಂಗಳು ಎಲ್ಲಿ ಗೊತ್ತುಂಟು, ಟೀಚರ್?"