ಎಡ ದವಡೆಯ ಗುರುತು

ತುಮಕೂರಿನ ಸದಾಶಿವನಗರದಲ್ಲಿ ನಾನು ಕೆಲಸ ಮಾಡುವ ಲ್ಯಾಬಿಗೆ ರೋಗಿಗಳು ಬರುವುದು ಕಡಿಮೆ. ಅವರಿಂದ ತೆಗೆದ ತುಂಡುಗಳು ಬರುತ್ತವೆ. ನಾಲಿಗೆ, ಕೆನ್ನೆ, ದವಡೆ, ಎಲ್ಲವೂ ಕೊಳೆಯದಂತೆ ಫಾರ್ಮಲಿನ್ ತುಂಬಿದ ಡಬ್ಬಿಗಳಲ್ಲಿ. ಅವನ್ನು ಕೊಯ್ದು, ಮೈಕ್ರೋಸ್ಕೋಪಿನಲ್ಲಿ ನೋಡಿ, ಗಡ್ಡೆ ಎಲ್ಲಿಯವರೆಗೆ ಹಬ್ಬಿದೆ, ಕತ್ತರಿಸಿದ ಅಂಚಿನಲ್ಲಿ ಏನಾದರೂ ಉಳಿದಿದೆಯೇ ಎಂದು ಬರೆದುಕೊಡುವುದು ನನ್ನ ಕೆಲಸ. ತುಂಡುಗಳು ಮಾತಾಡುವುದಿಲ್ಲ. ನಾನು ಈ ವಿಭಾಗ ಆರಿಸಿಕೊಂಡಿದ್ದಕ್ಕೆ ಅದೂ ಒಂದು ಕಾರಣ.

ಒಮ್ಮೆ ಒಂದೇ ವಾರದಲ್ಲಿ ಎರಡು ದವಡೆ ಬಂದವು. ಎರಡೂ ಕೆಳದವಡೆ, ಎರಡೂ ಎಡಭಾಗ. ಒಂದು ಗುಬ್ಬಿಯ ಕೊಬ್ಬರಿ ವ್ಯಾಪಾರಿಯದು. ಇನ್ನೊಂದು ಕುಣಿಗಲ್ ಕಡೆಯ, ಮಾರ್ಕೋನಹಳ್ಳಿ ಹತ್ತಿರದ ಹೆಂಗಸಿನದು. ಎಲೆಅಡಿಕೆ ಜೊತೆ ಹೊಗೆಸೊಪ್ಪು ಒತ್ತರಿಸಿಕೊಳ್ಳುತ್ತಿದ್ದ ಜಾಗದಲ್ಲೇ ಆಕೆಗೆ ಗಡ್ಡೆ ಎದ್ದಿತ್ತು. ಡಬ್ಬಿಯನ್ನು ಆಕೆಯ ಗಂಡನೇ ಆಸ್ಪತ್ರೆಯಿಂದ ಬಟ್ಟೆಚೀಲದಲ್ಲಿ ತಂದುಕೊಟ್ಟರು.

"ರಿಪೋರ್ಟ್ ನಾಳೆ ಸಿಗ್ತದಾ ಮೇಡಂ?"

"ಇಲ್ಲ, ಮೂಳೆ ಗಟ್ಟಿ ಇರುತ್ತೆ. ಆಸಿಡ್‌ನಲ್ಲಿ ನೆನೆದು ಮೆತ್ತಗಾಗ್ಬೇಕು, ಆಮೇಲೆ ಕೊಯ್ಯೋದು. ವಾರದ ಮೇಲಾಗುತ್ತೆ."

ಅವರು ಖಾಲಿ ಬಟ್ಟೆಚೀಲ ಮಡಚಿಕೊಂಡರು. "ಅವರೆಕಾಳಾದ್ರೆ ಒಂದು ರಾತ್ರಿಗೆ ನೆನೀತದೆ," ಎಂದು ಹೇಳಿ ಹೋದರು.

ಆಕೆಯ ರಿಪೋರ್ಟಿನಲ್ಲಿ ಅಂಚುಗಳೆಲ್ಲ ಶುದ್ಧವಾಗಿದ್ದವು. ದವಡೆಯ ಜೊತೆ ತೆಗೆದಿದ್ದ ಕತ್ತಿನ ಗ್ರಂಥಿಗಳಲ್ಲಿ ಒಂದಕ್ಕೆ ಮಾತ್ರ ಕಾಯಿಲೆ ತಲುಪಿತ್ತು. ರೇಡಿಯೇಶನ್ ಕೊಡುವುದೆಂದು ಡಾಕ್ಟರು ನಿರ್ಧರಿಸಿದರು.

ಅದು ಶುರುವಾಗುವ ಮುಂಚೆ ಗಂಡ ಹೆಂಡತಿ ಇಬ್ಬರೂ ಲ್ಯಾಬಿಗೆ ಬಂದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಮಾತು ಸರಿಯಾಗಿ ತಿಳಿಯುತ್ತಿರಲಿಲ್ಲ. ಆಕೆ ಹೇಳಿದ್ದನ್ನು ಗಂಡ ಇನ್ನೊಮ್ಮೆ ಹೇಳುತ್ತಿದ್ದರು.

"ತೆಗ್ದಿರೋದನ್ನ ಒಂದ್ಸಲ ನೋಡ್ಬೇಕಂತೆ."

ನೋಡಬಾರದು ಎಂಬ ನಿಯಮ ನನಗೆ ನೆನಪಾಗಲಿಲ್ಲ. ಮೂಳೆಯ ಎರಡು ತುದಿ ಮತ್ತು ಗಡ್ಡೆ ತಾಗಿದ ಹಿಂಭಾಗವನ್ನಷ್ಟೇ ಕೊಯ್ದಿದ್ದೆ. ನಡುವೆ ಮೂರು ಹಲ್ಲು ಸಾಲಾಗಿ ಹಾಗೇ ಇದ್ದವು. ಗಾಜಿನ ಡಬ್ಬಿ ತಂದು ಮೇಜಿನ ಮೇಲಿಟ್ಟೆ. ಆಕೆ ಬಗ್ಗಿ ಬಹಳ ಹೊತ್ತು ನೋಡಿದರು.

"ಇದು ನಂದಲ್ಲ ಕಣವ್ವ."

ಈ ಮಾತನ್ನು ಗಂಡ ಇನ್ನೊಮ್ಮೆ ಹೇಳಬೇಕಾಗಲಿಲ್ಲ. ಇದು ಆಕೆಯದಲ್ಲದಿದ್ದರೆ ಗುಬ್ಬಿಯವರದು. ಹಾಗಾದರೆ ಇಬ್ಬರಿಗೂ ಇನ್ನೊಬ್ಬರ ಚಿಕಿತ್ಸೆ ನಡೆಯುತ್ತದೆ.

"ಯಾಕಮ್ಮ ಹಾಗಂತೀರಾ?"

ಆಕೆ ಡಬ್ಬಿಯ ಮೇಲೆ ಬೆರಳಿಟ್ಟರು. ಒಂದು ತುದಿಯ ಹಲ್ಲು ಮೂಲೆ ಮುರಿದಿತ್ತು. "ನಂದೂ ಮುರ್ದಿತ್ತು. ಆದ್ರೆ ಈ ಕಡೇದಲ್ಲ, ಆ ಕಡೇದು. ದಿನಾ ಕನ್ನಡೀಲಿ ನೋಡ್ತಿರ್ಲಿಲ್ವಾ?"

ಗುಬ್ಬಿಯವರ ಡಬ್ಬಿ ತರಿಸಿದೆ. ಅದರಲ್ಲಿ ಹಲ್ಲೇ ಇರಲಿಲ್ಲ, ಅದು ಆಕೆಯದಾಗಿರಲಾರದು. ಚೀಟಿ, ನಂಬರು, ಸರ್ಜನ್ ಹಾಕಿದ್ದ ಗುರುತಿನ ಹೊಲಿಗೆ, ಎಲ್ಲ ಸರಿಯಾಗಿದ್ದವು. ಆದರೂ ಆಕೆ ಒಪ್ಪಲಿಲ್ಲ. "ನನ್ ಹಲ್ಲು ನಂಗೊತ್ತಿಲ್ವಾ?" ಎಂದರು. ನಾನು ಅವನ್ನು ನೋಡಿದ್ದು ತೆಗೆದ ಮೇಲೆ.

ಕನ್ನಡಿ ಎಂದರಲ್ಲ, ಅದರಲ್ಲಿ ಎಡ ಬಲ ಅದಲುಬದಲಾಗಿ ಕಾಣುತ್ತದೆ ಎಂದು ಆಮೇಲೆ ಹೊಳೆಯಿತು. ಇಬ್ಬರನ್ನೂ ಕೈತೊಳೆಯುವ ಬೇಸಿನ್ನಿನ ಹತ್ತಿರ ಕರೆದುಕೊಂಡು ಹೋದೆ. ಡಬ್ಬಿಯನ್ನು ತಿರುಗಿಸಿ ಆಕೆಯ ಎಡಗೆನ್ನೆಯ ಪಕ್ಕ ಹಿಡಿದು, "ಈಗ ಕನ್ನಡಿ ನೋಡಿ," ಎಂದೆ. ಮುರಿದ ಹಲ್ಲು ಆಕೆ ಹೇಳಿದ ಕಡೆಗೇ ಬಂತು. ಸೆರಗು ಜಾರಿತು. ಒಳಗೆ ಕುಸಿದ ಕೆನ್ನೆ, ಪಕ್ಕದಲ್ಲಿ ಡಬ್ಬಿ, ಎರಡನ್ನೂ ಆಕೆ ನೋಡಿದರು. ಆಪರೇಶನ್ ಆದಮೇಲೆ ಆಕೆ ಕನ್ನಡಿ ನೋಡಿದ್ದು ಅದೇ ಮೊದಲು ಎಂದು ಗಂಡ ನನಗೆ ಹೇಳಿದ್ದು ಆಮೇಲೆ.

"ಹೂಂ, ನಂದೇಯ," ಎಂದರು. ಕಣ್ಣು ಒರೆಸಿಕೊಂಡು ಗುಬ್ಬಿಯವರ ಡಬ್ಬಿಯತ್ತ ತಿರುಗಿದರು. "ಅದ್ಯಾರ್ದು?"

"ಇನ್ನೊಬ್ಬ ಪೇಷಂಟ್‌ದು."

"ಪಾಪ, ಹಲ್ಲೂ ಇಲ್ಲ," ಎಂದರು. ಗಂಡನ ಕಡೆ ನೋಡಿ ಇನ್ನೇನೋ ಹೇಳಿದರು.

"ಬಿಸಾಕೋವಾಗ ಅದ್ರ ಜೊತೆ ಬೆರೆಸ್ಬ್ಯಾಡಿ ಅಂತಾವ್ಳೆ."

ರೇಡಿಯೇಶನ್ ಮುಗಿಸಿ ಆಕೆ ಊರಿಗೆ ಹೋದರು. ಮುದ್ದೆ ಹೇಗೂ ನುಂಗುವುದೇ ಆದ್ದರಿಂದ ಊಟಕ್ಕೆ ತೊಂದರೆಯಿಲ್ಲ ಎನ್ನುತ್ತಾರಂತೆ. ಚೆಕಪ್‌ಗಳಲ್ಲಿ ಇದುವರೆಗೆ ಏನೂ ಕಂಡಿಲ್ಲ. ಇಟ್ಟುಕೊಳ್ಳುವ ಅವಧಿ ಮುಗಿದ ಡಬ್ಬಿಗಳ ತುಂಡುಗಳೆಲ್ಲ ನಮ್ಮಲ್ಲಿ ಸುಡಲು ಕಳಿಸುವ ಒಂದೇ ಹಳದಿ ಚೀಲಕ್ಕೆ ಹೋಗುತ್ತವೆ. ಆ ಸಲ ನಾನು ಎರಡು ಚೀಲ ಬಳಸಿದೆ.